ಹವಾಮಾನ ಬದಲಾವಣೆಯ ಸಾಮಾಜಿಕ ಬೇರುಗಳು ಮತ್ತು ನಮ್ಮ ಪಾಲಿನ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು. ಮೊದಲ ಭಾಗ ಬೇರಿನ ಬಗ್ಗೆ, ಎರಡನೆಯದು ಮನೆಯ ಲೆಕ್ಕ, ಮೂರನೆಯದು ಮನೆಯ ಹೊಸಿಲು ದಾಟಿದ ಮೇಲಿನ ಕೆಲಸ.

## ಬೇರು ಎಲ್ಲಿದೆ?

ಹೊಗೆ ಬಿಡೋದು ಎಂಜಿನ್ನು, ಕಾರ್ಖಾನೆ. ಇದರಲ್ಲಿ ‘ಸಾಮಾಜಿಕ ಬೇರು’ ಎಲ್ಲಿಂದ ಬಂತು?

ಮನೆಯಿಂದ ಕೆಲಸಕ್ಕೆ 20 ಕಿ.ಮೀ. ದೂರ. ನಡುವೆ ನಂಬಿಕೊಳ್ಳುವಂಥ ಬಸ್ಸಿಲ್ಲ. ಕೆಲಸದ ಹತ್ತಿರವೇ ಮನೆ ಮಾಡೋಣವೆಂದರೆ ಬಾಡಿಗೆ ಕೈಗೆಟುಕುವುದಿಲ್ಲ. ಇಂಥವರ ಗಾಡಿಯಿಂದ ಬರುವ ಹೊಗೆಗೆ ಎಂಜಿನ್ನಿನಷ್ಟೇ ಕಾರಣ ನೆಲದ ಬೆಲೆ, ಬಸ್ಸಿನ ಮಾರ್ಗ ತೀರ್ಮಾನಿಸುವವರು, ಊರನ್ನು ಅಡ್ಡಾದಿಡ್ಡಿ ಹರಡಲು ಬಿಟ್ಟ ನಕ್ಷೆ. ಜನರ ಅಗತ್ಯ ಪೂರೈಸಲು ಸಮಾಜ ಮಾಡಿಕೊಂಡಿರುವ ಇಂಥ ಏರ್ಪಾಡುಗಳನ್ನೇ ಸಾಮಾಜಿಕ ಬೇರು ಎನ್ನುತ್ತೇವೆ.

ಅಗತ್ಯ ಬೇರೆ, ಅದನ್ನು ಪೂರೈಸುವ ಏರ್ಪಾಡು ಬೇರೆ. ಕಲ್ಲಿದ್ದಲು ಬೇಕೆಂದು ಯಾರೂ ಹಂಬಲಿಸುವುದಿಲ್ಲ. ಬೇಕಾಗಿರುವುದು ಬೆಳಕು, ತಂಪು, ಬಿಸಿನೀರು, ಹೊತ್ತಿಗೆ ಸರಿಯಾಗಿ ಹೋಗಬೇಕಾದಲ್ಲಿಗೆ ತಲುಪುವುದು. ಏರ್ಪಾಡು ಬದಲಾದರೆ ಅಗತ್ಯಕ್ಕೆ ಕತ್ತರಿ ಬೀಳದೆಯೇ ಹೊಗೆ ಇಳಿಯುತ್ತದೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿಯ ಆರನೇ ವರದಿ (2022) ಹೇಳುವುದೂ ಇದನ್ನೇ: ಸೇವೆ ಪಡೆಯುವ ಬಗೆ, ಅದಕ್ಕೆ ಬೇಕಾದ ಮೂಲಸೌಕರ್ಯ ಮತ್ತು ತಂತ್ರಜ್ಞಾನ ಮೂರೂ ಒಟ್ಟಿಗೆ ಬದಲಾದರೆ, ಬಳಕೆಯ ಕಡೆಯಿಂದಲೇ 2050ರ ಹೊತ್ತಿಗೆ ಹೊರಸೂಸುವಿಕೆಯನ್ನು 40ರಿಂದ 70 ಶೇಕಡಾ ಇಳಿಸಲು ಸಾಧ್ಯ.

ಒಂದು ಲೀಟರ್ ಪೆಟ್ರೋಲ್ ತೂಗಿದರೆ ಮುಕ್ಕಾಲು ಕೆ.ಜಿ.ಯೂ ಇಲ್ಲ. ಅದನ್ನು ಸುಟ್ಟರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಅನಿಲ ಬರುತ್ತೆ ಅಂದ್ರೆ ಹೇಗೆ ನಂಬೋದು?

ಉಳಿದ ತೂಕ ಗಾಳಿಯದು. ಒಂದು ಲೀಟರ್ ಪೆಟ್ರೋಲ್ ಸುಮಾರು 0.74 ಕೆ.ಜಿ. ತೂಗುತ್ತದೆ. ಅದರಲ್ಲಿ ಇಂಗಾಲ ಸುಮಾರು 0.64 ಕೆ.ಜಿ. ಉರಿಯುವಾಗ ಇಂಗಾಲದ ಒಂದೊಂದು ಪರಮಾಣುವೂ ಗಾಳಿಯಿಂದ ಎರಡೆರಡು ಆಮ್ಲಜನಕದ ಪರಮಾಣುಗಳನ್ನು ಕಟ್ಟಿಕೊಳ್ಳುತ್ತದೆ. ಇಂಗಾಲದ ತೂಕ 12, ಎರಡು ಆಮ್ಲಜನಕದ್ದು 32, ಒಟ್ಟು 44. ಎಂದರೆ ಇಂಗಾಲದ ತೂಕ 3.67 ಪಟ್ಟು ಹಿಗ್ಗುತ್ತದೆ. 0.64ನ್ನು 3.67ರಿಂದ ಗುಣಿಸಿದರೆ 2.3 ಕೆ.ಜಿ. ದಾಟುತ್ತದೆ. ಡೀಸೆಲ್ ಹೆಚ್ಚು ತೂಗುವ ಇಂಧನವಾದ್ದರಿಂದ ಲೀಟರಿಗೆ ಸುಮಾರು 2.7 ಕೆ.ಜಿ. 40 ಲೀಟರ್ ಪೆಟ್ರೋಲ್ ಟ್ಯಾಂಕ್ ಖಾಲಿಯಾಗುವಷ್ಟರಲ್ಲಿ 92 ಕೆ.ಜಿ. ಅನಿಲ ಹೊರಬಿದ್ದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ. ಮೂಟೆ ಕಟ್ಟಿ ಮನೆ ಬಾಗಿಲಲ್ಲಿ ಇಡುವಂತಿದ್ದರೆ ಈ ಚರ್ಚೆ ಎಂದೋ ಮುಗಿದಿರುತ್ತಿತ್ತು.

ಇದೆಲ್ಲ ಮೊದಲೇ ಗೊತ್ತಿರಲಿಲ್ವಾ? ಯಾಕೆ ಯಾರೂ ತಡೀಲಿಲ್ಲ?

ಗೊತ್ತಿತ್ತು. ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿಗೆ ಹೆಚ್ಚು ಕಾಯುತ್ತದೆ ಎಂದು ಅಮೆರಿಕದ ಯೂನಿಸ್ ಫುಟ್ 1856ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1896ರಲ್ಲಿ ಕೈಯಲ್ಲೇ ಲೆಕ್ಕ ಹಾಕಿ, ಈ ಅನಿಲ ದುಪ್ಪಟ್ಟಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಅಂದಾಜು ಮಾಡಿದರು. 1958ರಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳತೆ ಶುರು ಮಾಡಿದಾಗ ಗಾಳಿಯಲ್ಲಿ ಅದರ ಪ್ರಮಾಣ 315 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 315 ಭಾಗ) ಆಸುಪಾಸಿನಲ್ಲಿತ್ತು. ಕೈಗಾರಿಕಾ ಕ್ರಾಂತಿಗೂ ಮೊದಲು ಸುಮಾರು 280 ಇತ್ತು, ಈಗ 420 ದಾಟಿದೆ. ದೊಡ್ಡ ತೈಲ ಕಂಪನಿಯೊಂದರ ಸ್ವಂತ ವಿಜ್ಞಾನಿಗಳು 1970-80ರ ದಶಕಗಳಲ್ಲಿ ಮಾಡಿದ ತಾಪಮಾನದ ಅಂದಾಜು ಬಹುಮಟ್ಟಿಗೆ ನಿಜವಾಗಿದೆ. ಆದರೆ ಆ ಉದ್ಯಮ ಹೊರಗೆ ಹರಡಿದ್ದು ಅನುಮಾನವನ್ನು. 1988ರಲ್ಲಿ ಐಪಿಸಿಸಿ ಹುಟ್ಟಿತು, 1992ರಲ್ಲಿ ದೇಶಗಳು ವಿಶ್ವಸಂಸ್ಥೆಯ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿದವು. ಹಾಗಿದ್ದೂ ಇತಿಹಾಸದುದ್ದಕ್ಕೂ ಸುಟ್ಟ ಪಳೆಯುಳಿಕೆ ಇಂಧನದ ಹೊಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು 1990ರ ನಂತರ. ಕೊರತೆಯಾಗಿದ್ದು ತಿಳಿವಳಿಕೆಯದಲ್ಲ. ಲಾಭ ಉಣ್ಣುವವರೊಬ್ಬರು, ನಷ್ಟ ಹೊರುವವರು ಇನ್ನೊಬ್ಬರು. ಹೊರುವವರಲ್ಲಿ ಬಹಳ ಜನ ಬೇರೆ ದೇಶದವರು, ಇಲ್ಲವೇ ಇನ್ನೂ ಹುಟ್ಟದವರು.

ಜನಸಂಖ್ಯೆ ಹೆಚ್ಚಾಗಿದ್ದೇ ಮೂಲ ಕಾರಣ ಅಲ್ವಾ?

ತಲೆ ಎಣಿಸಿದರೆ ಹಾಗೆ ಕಾಣುತ್ತದೆ, ಹೊಗೆ ಎಣಿಸಿದರೆ ಹಾಗಿಲ್ಲ. ಜಗತ್ತಿನ ಮನೆಗಳ ಬಳಕೆಯಿಂದಾಗುವ ಹೊರಸೂಸುವಿಕೆಯಲ್ಲಿ ಅತಿ ಹೆಚ್ಚು ಬಳಸುವ 10 ಶೇಕಡಾ ಮನೆಗಳ ಪಾಲು 34ರಿಂದ 45 ಶೇಕಡಾ, ಅತಿ ಕಡಿಮೆ ಬಳಸುವ 50 ಶೇಕಡಾ ಮನೆಗಳದು 13ರಿಂದ 15. ಜನಸಂಖ್ಯೆ ವೇಗವಾಗಿ ಏರುತ್ತಿರುವುದು ತಲೆಗೆ ವರ್ಷಕ್ಕೆ ಅರ್ಧ ಟನ್ನೂ ಹೊರಸೂಸದ ದೇಶಗಳಲ್ಲಿ. ಅಮೆರಿಕದಲ್ಲಿ ಅದು 14 ಟನ್ ಹತ್ತಿರ ಇದೆ. ಹೆಣ್ಣುಮಕ್ಕಳ ಶಿಕ್ಷಣ, ಎಷ್ಟು ಮಕ್ಕಳು ಬೇಕೆಂದು ತೀರ್ಮಾನಿಸುವ ಹಕ್ಕು ಎರಡೂ ತಮ್ಮಷ್ಟಕ್ಕೆ ತಾವೇ ಬೇಕಾದವು. ಅವುಗಳಿಗೆ ಹವಾಮಾನದ ನೆಪ ಬೇಕಿಲ್ಲ.

ಮನುಷ್ಯನ ದುರಾಸೆ, ಕೊಳ್ಳುಬಾಕತನ ಇದಕ್ಕೆಲ್ಲ ಕಾರಣ. ಸ್ವಭಾವ ಬದಲಾಯಿಸೋಕೆ ಆಗುತ್ತಾ?

ಕೊಳ್ಳುಬಾಕತನ ನಿಜ. ಅದು ಹುಟ್ಟುಗುಣ ಎನ್ನುವುದು ನಿಜವಲ್ಲ, ಅದನ್ನು ಬೆಳೆಸಿದ ಕೈಗಳಿವೆ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ತಯಾರಕರು ಜಿನೀವಾದಲ್ಲಿ ‘ಫೀಬಸ್’ ಎಂಬ ಕೂಟ ಕಟ್ಟಿಕೊಂಡು ಬಲ್ಬಿನ ಆಯಸ್ಸನ್ನು 1,000 ಗಂಟೆಗೆ ಇಳಿಸಲು ಒಪ್ಪಿಕೊಂಡರು. ಅದಕ್ಕಿಂತ ಹೆಚ್ಚು ಉರಿಯುವ ಬಲ್ಬ್ ಮಾಡಿದ ಸದಸ್ಯರಿಗೆ ದಂಡ. ಅಂಟು ಹಾಕಿ ಮುಚ್ಚಿದ ಬ್ಯಾಟರಿ, ಸಿಗದ ಬಿಡಿಭಾಗ, ಹಳೆಯ ಯಂತ್ರಕ್ಕೆ ನಿಂತುಹೋಗುವ ತಂತ್ರಾಂಶ ಎಲ್ಲವೂ ಅದೇ ಜಾಡಿನವು.

ಇನ್ನೊಂದು ಕೊಂಡಿ ಮರ್ಯಾದೆಯದು. ಸಾಲ ಮಾಡಿ ದೊಡ್ಡ ಕಾರು ಕೊಳ್ಳುವವರನ್ನು ಕೇಳಿ ನೋಡಿ: ಬಹಳ ಸಲ ಅವರು ಕೊಂಡಿರುವುದು ಗೌರವವನ್ನು. ಎದುರಿಗಿರುವವರು ಬಟ್ಟೆ, ಗಾಡಿ ನೋಡಿ ಅಳೆಯುವ ಕಡೆ ಸರಳವಾಗಿ ಬದುಕುವುದಕ್ಕೆ ದಂಡ ತೆರಬೇಕಾಗುತ್ತದೆ. ಅಂಥ ಕಡೆ ‘ಆಸೆ ಬಿಡಿ’ ಎಂದು ಬುದ್ಧಿ ಹೇಳುವುದಕ್ಕಿಂತ ರಿಪೇರಿಯ ಹಕ್ಕು, ಕಡ್ಡಾಯ ಬಿಡಿಭಾಗ, ದೀರ್ಘ ವಾರಂಟಿ ಕೇಳುವುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಎಲ್ಲರಿಗೂ ಸೇರಿದ್ದನ್ನು ಯಾರೂ ಕಾಪಾಡಲ್ಲ. ಆಕಾಶವೂ ಹಾಗೇ ಹಾಳಾಗೋದು ಸಹಜ ಅಲ್ವಾ?

ಈ ವಾದವನ್ನು 1968ರಲ್ಲಿ ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಗೋಮಾಳದ ಉದಾಹರಣೆ ಕೊಟ್ಟು ಮುಂದಿಟ್ಟರು: ಪ್ರತಿಯೊಬ್ಬರೂ ಒಂದೊಂದು ದನ ಹೆಚ್ಚು ಬಿಡುತ್ತಾರೆ, ಕೊನೆಗೆ ಹುಲ್ಲೇ ಇರುವುದಿಲ್ಲ. ಅಮೆರಿಕದ ರಾಜಕೀಯ ವಿಜ್ಞಾನಿ ಎಲಿನಾರ್ ಆಸ್ಟ್ರಮ್ ನಿಜವಾದ ಮೀನುಗಾರಿಕೆ, ಕಾಡು, ನೀರಾವರಿ ಕಾಲುವೆಗಳನ್ನು ದಶಕಗಟ್ಟಲೆ ಅಧ್ಯಯನ ಮಾಡಿ, ಜನ ತಾವೇ ನಿಯಮ ಕಟ್ಟಿ ನೂರಾರು ವರ್ಷ ಕಾಪಾಡಿಕೊಂಡ ಉದಾಹರಣೆಗಳನ್ನು ತೋರಿಸಿದರು. ಅದಕ್ಕೇ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಗುರುತಿಸಿದ ಲಕ್ಷಣಗಳು: ಯಾರಿಗೆ ಹಕ್ಕಿದೆ ಎಂಬ ಸ್ಪಷ್ಟ ಗೆರೆ, ನಿಯಮ ಮಾಡುವುದರಲ್ಲಿ ಬಳಸುವವರ ಕೈ, ಕಣ್ಣಿಡುವ ವ್ಯವಸ್ಥೆ, ಮೊದಲ ತಪ್ಪಿಗೆ ಸಣ್ಣ ದಂಡ ಮತ್ತೆ ಮತ್ತೆ ತಪ್ಪಿದರೆ ದೊಡ್ಡದು, ಜಗಳ ಬಗೆಹರಿಸಲು ಹತ್ತಿರದ ಜಾಗ. ವಾತಾವರಣಕ್ಕೆ ಇವುಗಳಲ್ಲಿ ಹೆಚ್ಚಿನವು ಇನ್ನೂ ಇಲ್ಲ. ಹವಾಮಾನದ ಬಗ್ಗೆ ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದದಲ್ಲಿ ಕಣ್ಣಿಡುವ ವ್ಯವಸ್ಥೆ ಇದೆ, ದಂಡ ಇಲ್ಲ.

ಯಂತ್ರಗಳು ಕಡಿಮೆ ಕರೆಂಟು ತಿನ್ನೋ ಹಾಗೆ ಆಗ್ತಿವೆಯಲ್ಲ, ಸಮಸ್ಯೆ ತಾನಾಗೇ ಕರಗಲ್ವಾ?

1865ರಲ್ಲೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಗಮನಿಸಿದ್ದರು: ಉಗಿಯಂತ್ರ ಕಡಿಮೆ ಕಲ್ಲಿದ್ದಲಲ್ಲಿ ಓಡತೊಡಗಿದ ಮೇಲೆ ಬ್ರಿಟನ್ನಿನಲ್ಲಿ ಕಲ್ಲಿದ್ದಲಿನ ಒಟ್ಟು ಬಳಕೆ ಏರಿತು. ಅಗ್ಗವಾದದ್ದನ್ನು ಹೆಚ್ಚು ಕಡೆ ಬಳಸುತ್ತಾರೆ. ಎಲ್‌ಇಡಿ ಬಂದ ಮೇಲೆ ಮೊದಲು ಬೆಳಕೇ ಇಲ್ಲದ ಗೋಡೆ, ಫಲಕ, ಮರದ ಕೊಂಬೆಗೂ ದೀಪ ಬಂದಿರುವುದು ಇದಕ್ಕೇ. ಮನೆ ಬಳಕೆಯಲ್ಲಿ ಉಳಿತಾಯದ ಒಂದು ಭಾಗ ಹೀಗೆ ಸೋರಿಹೋಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ದಕ್ಷತೆ ಬೇಡವೆನ್ನುವ ಮಾತಿಲ್ಲ. ಅದರ ಜೊತೆಗೆ ಒಟ್ಟು ಬಳಕೆಗೊಂದು ಮಿತಿ ಅಥವಾ ಹೊಗೆಗೊಂದು ಬೆಲೆ ಇರಬೇಕು.

## ಮನೆಯ ಲೆಕ್ಕ

‘ಕಾರ್ಬನ್ ಫುಟ್‌ಪ್ರಿಂಟ್’ ಅನ್ನೋ ಮಾತು ಜನಪ್ರಿಯ ಮಾಡಿದ್ದೇ ತೈಲ ಕಂಪನಿಯಂತೆ. ಹಾಗಾದ್ರೆ ಅದನ್ನು ಲೆಕ್ಕ ಹಾಕೋದು ಯಾಕೆ?

ಒಬ್ಬರ ಬದುಕಿನಿಂದ ಹೊರಬೀಳುವ ಹೊಗೆಯ ಒಟ್ಟು ಲೆಕ್ಕವೇ ಕಾರ್ಬನ್ ಫುಟ್‌ಪ್ರಿಂಟ್. 2000ದ ದಶಕದ ಮಧ್ಯದಲ್ಲಿ ತೈಲ ಕಂಪನಿಯೊಂದರ ಜಾಹೀರಾತು ಆ ಮಾತನ್ನು ಮನೆಮನೆಗೆ ಮುಟ್ಟಿಸಿದ್ದು ನಿಜ. ಹೊಣೆಯನ್ನು ಉತ್ಪಾದಕರಿಂದ ಗ್ರಾಹಕರ ತಲೆಗೆ ದಾಟಿಸುವುದಕ್ಕೆ ಅದು ಅನುಕೂಲವಾಯಿತು. ಆದರೆ ಅದು ಅಳತೆಗೋಲಿನ ತಪ್ಪಲ್ಲ. ಪಾಪದ ಪಟ್ಟಿಯಂತೆ ಬಳಸಿದರೆ ಅದು ಕೆಡುಕು, ನಿಮ್ಮ ಬದುಕನ್ನು ಯಾವ ಏರ್ಪಾಡು ಹಿಡಿದಿಟ್ಟಿದೆ ಎಂದು ತಿಳಿಯಲು ಬಳಸಿದರೆ ಉಪಯೋಗ. ನಿಮ್ಮ ಲೆಕ್ಕದಲ್ಲಿ ಕಲ್ಲಿದ್ದಲಿನ ಕರೆಂಟೇ ಅರ್ಧ ತುಂಬಿದ್ದರೆ, ಸ್ವಿಚ್ ಆರಿಸುವುದರ ಜೊತೆಗೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯೂ ನಿಮ್ಮದೇ ಎಂದು ಗೊತ್ತಾಗುತ್ತದೆ.

ಲೆಕ್ಕ ಹಾಕೋದು ಹೇಗೆ? ಆಪ್‌ಗಳು ಒಂದೊಂದು ಒಂದೊಂದು ಸಂಖ್ಯೆ ಕೊಡ್ತವೆ.

ಕಾಗದ, ಪೆನ್ನು, 12 ತಿಂಗಳ ಬಿಲ್ಲು ಸಾಕು. ಒಂದೇ ತಿಂಗಳನ್ನು 12ರಿಂದ ಗುಣಿಸಬೇಡಿ, ಬೇಸಿಗೆಯ ಬಿಲ್ಲೂ ಚಳಿಗಾಲದ ಬಿಲ್ಲೂ ಒಂದೇ ಅಲ್ಲ.

1. ವಿದ್ಯುತ್: ವರ್ಷದ ಒಟ್ಟು ಯೂನಿಟ್‌ಗಳನ್ನು ನಿಮ್ಮ ವಿದ್ಯುತ್ ಜಾಲದ ಅಂಕಿಯಿಂದ (ಒಂದು ಯೂನಿಟ್‌ಗೆ ಎಷ್ಟು ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂಬುದು) ಗುಣಿಸಿ. ಹೆಚ್ಚಿನ ದೇಶಗಳಲ್ಲಿ ವಿದ್ಯುತ್ ಪ್ರಾಧಿಕಾರ ಇದನ್ನು ವರ್ಷವರ್ಷ ಪ್ರಕಟಿಸುತ್ತದೆ. ಸಿಗದಿದ್ದರೆ, ಪೂರ್ತಿ ಕಲ್ಲಿದ್ದಲಾದರೆ ಯೂನಿಟ್‌ಗೆ ಸುಮಾರು 0.9ರಿಂದ 1 ಕೆ.ಜಿ., ಜಗತ್ತಿನ ಸರಾಸರಿಯಾದರೆ ಅರ್ಧ ಕೆ.ಜಿ.ಗೆ ಸ್ವಲ್ಪ ಕಡಿಮೆ.
2. ಅಡುಗೆ ಅನಿಲ: ಸಿಲಿಂಡರಿನ ಒಂದು ಕೆ.ಜಿ.ಗೆ 3 ಕೆ.ಜಿ., ಕೊಳವೆಯ ಅನಿಲವಾದರೆ ಒಂದು ಘನ ಮೀಟರಿಗೆ ಸುಮಾರು 2 ಕೆ.ಜಿ.
3. ವಾಹನ: ಪೆಟ್ರೋಲ್ ಲೀಟರಿಗೆ 2.3, ಡೀಸೆಲ್ ಲೀಟರಿಗೆ 2.7. ತೆಗೆದು ಶುದ್ಧೀಕರಿಸುವ ಖರ್ಚಿಗೆ ಇನ್ನೊಂದು 20 ಶೇಕಡಾ ಸೇರಿಸಿ.
4. ವಿಮಾನ: ಸಾಮಾನ್ಯ ದರ್ಜೆಯಲ್ಲಿ ಕಿಲೋಮೀಟರಿಗೆ ಸುಮಾರು 0.1 ಕೆ.ಜಿ. ಎತ್ತರದಲ್ಲಿ ಬಿಡುವ ಆವಿಯ ಗೆರೆಗಳೂ ಭೂಮಿಯನ್ನು ಕಾಯಿಸುವುದರಿಂದ ಅದನ್ನು ದುಪ್ಪಟ್ಟು ಮಾಡಿಕೊಳ್ಳುವುದು ವಾಡಿಕೆ.

ಮೊದಲ ಎರಡನ್ನು ಮನೆಯಲ್ಲಿರುವ ತಲೆಗಳಿಗೆ ಹಂಚಿ. ಆಪ್‌ಗಳು ಜಗಳವಾಡುವುದು ಇದರಾಚೆಗಿನ ಬಟ್ಟೆ, ಊಟ, ಸಾಮಾನುಗಳ ಲೆಕ್ಕದಲ್ಲಿ. ಅಲ್ಲಿ ಅಂದಾಜು ಬಿಟ್ಟರೆ ಗತಿಯಿಲ್ಲ, ಅಲ್ಲಿ ದಶಮಾಂಶಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಪ್ಲಾಸ್ಟಿಕ್ ಚೀಲ ಬಿಟ್ಟಿದ್ದೀನಿ, ಚಾರ್ಜರ್ ಪಿನ್ ತೆಗೀತೀನಿ. ಇಷ್ಟು ಸಾಕಾ?

ಎರಡೂ ಒಳ್ಳೆಯ ಅಭ್ಯಾಸ. ಆದರೆ ಫೋನಿಲ್ಲದೆ ಸುಮ್ಮನೆ ಸಿಕ್ಕಿಸಿಟ್ಟ ಚಾರ್ಜರ್ ವರ್ಷಕ್ಕೆ ಒಂದೆರಡು ಯೂನಿಟ್ ತಿಂದರೆ ಹೆಚ್ಚು. 10 ವಾಟ್ ಎಳೆಯುತ್ತಾ ನಿದ್ರಿಸುವ ಟಿವಿ ಪೆಟ್ಟಿಗೆ 87 ಯೂನಿಟ್ ತಿನ್ನುತ್ತದೆ. 6,000 ಕಿ.ಮೀ. ದೂರದ ಊರಿಗೆ ಒಮ್ಮೆ ವಿಮಾನದಲ್ಲಿ ಹೋಗಿಬಂದರೆ ಇಂಧನದ ಹೊಗೆಯೇ ಸುಮಾರು 1.2 ಟನ್. ದಿನವೂ ನೆನಪಿಟ್ಟು ಮಾಡಬೇಕಾದ ಸಣ್ಣ ಕೆಲಸಗಳಿಗಿಂತ, ಒಮ್ಮೆ ತೀರ್ಮಾನಿಸಿದರೆ ಹತ್ತು ವರ್ಷ ತಾನಾಗಿ ನಡೆಯುವ ದೊಡ್ಡ ತೀರ್ಮಾನಗಳ ಮೇಲೆ ಮನಸ್ಸಿಡಿ: ಮನೆ ಎಲ್ಲಿ ಮಾಡುತ್ತೀರಿ, ಗಾಡಿ ಬೇಕೇ, ನೀರು ಹೇಗೆ ಕಾಯಿಸುತ್ತೀರಿ, ಚಾವಣಿಗೆ ಏನು ಹೊದಿಸುತ್ತೀರಿ, ಎಷ್ಟು ಸಲ ವಿಮಾನ ಹತ್ತುತ್ತೀರಿ.

ಪ್ರತಿ ಬೇಸಿಗೆ ಏಸಿಗೆ ಗ್ಯಾಸ್ ತುಂಬಿಸ್ತೀವಿ. ಅದಕ್ಕೂ ಹವಾಮಾನಕ್ಕೂ ಏನು ಸಂಬಂಧ?

ಬಹಳ ಹತ್ತಿರದ ಸಂಬಂಧ, ಮತ್ತು ಬಹಳ ಜನಕ್ಕೆ ಗೊತ್ತಿಲ್ಲದ್ದು. ಏಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಆರ್-410ಎ ಎಂಬ ಗ್ಯಾಸ್ ಒಂದು ಕೆ.ಜಿ. ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು 2,088 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. 900 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಆರ್-32 ಆದರೆ 675. ಪ್ರೊಪೇನ್ ಆದ ಆರ್-290ರದ್ದು ತೀರಾ ಅತ್ಯಲ್ಪ, ಆದರೆ ಅದು ಹೊತ್ತಿಕೊಳ್ಳುವ ಅನಿಲ, ತರಬೇತಿ ಇಲ್ಲದವರು ಮುಟ್ಟಬಾರದು.

ಮೆಕ್ಯಾನಿಕ್ ಬಂದಾಗ ಇಷ್ಟು ಕೇಳಿ. ಮೊದಲು ಸೋರಿಕೆ ಎಲ್ಲಿದೆ ಎಂದು ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿ ನೋಡಲಿ. ಹೆಚ್ಚಿನ ಸಲ ಅದು ತಾಮ್ರದ ಕೊಳವೆ ಸೇರುವ ನಟ್ಟಿನ ಬಾಯಲ್ಲಿ ಇರುತ್ತದೆ: ಕೊಳವೆಯ ಬಾಯಿ ಸರಿಯಾಗಿ ಅರಳಿಸಿರುವುದಿಲ್ಲ, ಇಲ್ಲವೇ ನಟ್ಟು ಅತಿಯಾಗಿ ಬಿಗಿದು ಸೀಳಿರುತ್ತದೆ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಲಿ. ರಿಪೇರಿಯಾದ ಮೇಲೆ ಪಂಪಿನಿಂದ ನಿರ್ವಾತ ಮಾಡಿ, ಯಂತ್ರದ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತೂಗಿ ತುಂಬಲಿ. ಇದಾವುದನ್ನೂ ಮಾಡದೆ ಮೇಲಿಂದ ಮೇಲೆ ‘ಟಾಪ್‌ಅಪ್’ ಮಾಡಿಸುವುದೆಂದರೆ ತೂತಿರುವ ಕೊಡಕ್ಕೆ ನೀರು ತುಂಬಿದ ಹಾಗೆ. ಹಳೆಯ ಏಸಿ ಗುಜರಿಗೆ ಹಾಕುವಾಗಲೂ ಮೊದಲು ಗ್ಯಾಸ್ ಎಳೆಸಿಕೊಳ್ಳಿ. ಕೊಳವೆ ಕತ್ತರಿಸಿದ ಕ್ಷಣ ಅಷ್ಟೂ ಆಕಾಶಕ್ಕೆ ಹೋಗುತ್ತದೆ.

ಬಿಸಿನೀರಿಗೆ ಎಷ್ಟು ಖರ್ಚಾಗುತ್ತೆ?

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.19 ಕಿಲೋಜೂಲ್ ಬೇಕು, ಒಂದು ಯೂನಿಟ್ ಕರೆಂಟೆಂದರೆ 3,600 ಕಿಲೋಜೂಲ್. 15 ಲೀಟರಿನ ಒಂದು ಬಕೆಟ್ಟನ್ನು 20 ಡಿಗ್ರಿ ಏರಿಸಲು 0.35 ಯೂನಿಟ್ ಸಾಕು. ನಿಮಿಷಕ್ಕೆ 8 ಲೀಟರ್ ಸುರಿಯುವ ಷವರಿನ ಕೆಳಗೆ 10 ನಿಮಿಷ ನಿಂತರೆ 1.9 ಯೂನಿಟ್. ಸುತ್ತಲಿನ ಗಾಳಿಯ ಬಿಸಿಯನ್ನು ಹೀರಿ ನೀರಿಗೆ ದಾಟಿಸುವ ಹೀಟ್ ಪಂಪ್ ಹಾಕಿದರೆ ಕರೆಂಟು ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಸೋಲಾರ್ ಹೀಟರಿನಲ್ಲಿ ಬಹಳ ಮನೆಗಳು ಮಾಡುವ ತಪ್ಪು ಚಾವಣಿಯಿಂದ ಬಚ್ಚಲಿನವರೆಗಿನ ಕೊಳವೆಗೆ ಹೊದಿಕೆ ಹಾಕದಿರುವುದು. ಕೊಳವೆಯಲ್ಲಿ ನಿಂತ ನೀರು ತಣ್ಣಗಾಗಿ, ಬಿಸಿ ಬರುವವರೆಗೆ ಬಕೆಟ್ಟುಗಟ್ಟಲೆ ಹರಿದುಹೋಗುತ್ತದೆ.

ದೂರದಿಂದ ಬಂದ ಆಹಾರ ಬಿಟ್ಟು ಹತ್ತಿರದ್ದೇ ತಿಂದರೆ ಸಾಕಲ್ವಾ?

ಆಹಾರದ ಒಟ್ಟು ಹೊರಸೂಸುವಿಕೆಯಲ್ಲಿ ಸಾಗಣೆಯ ಪಾಲು ಚಿಕ್ಕದು. ಹಡಗಿನಲ್ಲಿ ಬಂದ ಧಾನ್ಯಕ್ಕಿಂತ ಹತ್ತಿರದಲ್ಲೇ ಮೇಯಿಸಿದ ದನದ ಮಾಂಸದ ಹೊರೆ ಎಷ್ಟೋ ಪಟ್ಟು ಹೆಚ್ಚು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮಿಥೇನ್ ಹುಟ್ಟುತ್ತದೆ, ಮೇವಿಗಾಗಿ ಕಾಡು ಕಡಿಯುತ್ತಾರೆ. ವಿಮಾನದಲ್ಲಿ ಬರುವ ಹಣ್ಣು, ಹೂವು ಮಾತ್ರ ಬೇರೆ ಮಾತು. ಇನ್ನು ಚೆಲ್ಲುವ ಆಹಾರ: ಜಗತ್ತಿನ ಹೊರಸೂಸುವಿಕೆಯ 8ರಿಂದ 10 ಶೇಕಡಾ ತಿನ್ನದೆ ಹಾಳಾದ ಆಹಾರದ್ದು. ಹಸಿಕಸ ರಾಶಿಯಡಿ ಗಾಳಿಯಾಡದೆ ಕೊಳೆತರೆ ಮಿಥೇನ್ ಬರುತ್ತದೆ, ಗಾಳಿಯಾಡಿದರೆ ಬಹುಪಾಲು ಬರುವುದಿಲ್ಲ. ಮನೆಯ ಗೊಬ್ಬರದ ಡಬ್ಬಿ ನಾರುತ್ತಿದ್ದರೆ ಅದು ಉಸಿರುಗಟ್ಟಿದೆ ಎಂದೇ ಅರ್ಥ. ಒಣ ಎಲೆ ಅಥವಾ ಹರಿದ ರಟ್ಟು ಹಸಿಕಸದ ಎರಡರಷ್ಟು ಸೇರಿಸಿ, ವಾರಕ್ಕೆರಡು ಸಲ ತಿರುವಿ.

ಹಳೇ ಪೆಟ್ರೋಲ್ ಕಾರು ಮಾರಿ ಎಲೆಕ್ಟ್ರಿಕ್ ಕಾರು ತಗೊಳ್ಳಲಾ?

ವರ್ಷಕ್ಕೆ ಎಷ್ಟು ಓಡಿಸುತ್ತೀರಿ, ಕರೆಂಟು ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಹೋಗುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಕಾರು, ಇಂಧನ ತಯಾರಿಕೆಯೂ ಸೇರಿ, ಕಿಲೋಮೀಟರಿಗೆ ಸುಮಾರು 0.18 ಕೆ.ಜಿ. ಹೊರಸೂಸುತ್ತದೆ. ಎಲೆಕ್ಟ್ರಿಕ್ ಕಾರು ಚಾರ್ಜಿಂಗ್ ನಷ್ಟ ಸೇರಿ 0.17 ಯೂನಿಟ್ ತಿನ್ನುತ್ತದೆ ಎನ್ನೋಣ. ಸರಾಸರಿ ಜಾಲದಲ್ಲಿ ಅದು 0.08 ಕೆ.ಜಿ. ಉಳಿತಾಯ 0.1 ಕೆ.ಜಿ. 40 ಯೂನಿಟ್ ಬ್ಯಾಟರಿ ತಯಾರಿಕೆಗೆ ಮೂರು ಟನ್ ಚಿಲ್ಲರೆ ಆಗುತ್ತದೆ ಎಂದಿಟ್ಟುಕೊಂಡರೆ, 30,000 ಕಿ.ಮೀ. ದಾಟಿದ ಮೇಲೆ ಬ್ಯಾಟರಿಯ ಋಣ ತೀರುತ್ತದೆ. ಪೂರ್ತಿ ಕಲ್ಲಿದ್ದಲಿನ ಜಾಲದಲ್ಲಿ ಅದೇ ಋಣ ತೀರಲು ಒಂದು ಲಕ್ಷ ಕಿ.ಮೀ.ಗೂ ಹೆಚ್ಚು ಬೇಕು. ವರ್ಷಕ್ಕೆ 3,000 ಕಿ.ಮೀ. ಓಡಿಸುವವರು ಇರುವ ಕಾರನ್ನೇ ಇಟ್ಟುಕೊಳ್ಳಲಿ. ಹಗಲೆಲ್ಲ ಓಡುವ ಟ್ಯಾಕ್ಸಿ, ಸರಕಿನ ಗಾಡಿಗಳು ಮೊದಲು ಬದಲಾಗಲಿ. ಫೋನಿನ ವಿಷಯದಲ್ಲಿ ಲೆಕ್ಕವೇ ಬೇಡ: ಅದರ ಹೊರೆಯ ಬಹುಪಾಲು ಕೈಗೆ ಬರುವ ಮೊದಲೇ ಆಗಿರುತ್ತದೆ, ಬ್ಯಾಟರಿ ಬದಲಿಸಿ ಇನ್ನೆರಡು ವರ್ಷ ಬಳಸಿ.

ಗಿಡ ನೆಟ್ರೆ ನನ್ನ ಪಾಲಿನ ಲೆಕ್ಕ ಚುಕ್ತಾ ಆಗುತ್ತಾ?

ಚೆನ್ನಾಗಿ ಬೆಳೆದ ಒಂದು ಮರ ವರ್ಷಕ್ಕೆ ಹೀರುವ ಇಂಗಾಲದ ಡೈಆಕ್ಸೈಡ್ ಹತ್ತಿಪ್ಪತ್ತು ಕೆ.ಜಿ. ಒಂದು ಟನ್ನಿಗೆ 50ರಿಂದ 100 ಮರ ಒಂದು ವರ್ಷ ದುಡಿಯಬೇಕು, ಅದೂ ಸಸಿ ಮರವಾದ ಮೇಲೆ. ಮರ ಕಡಿದರೆ, ಸುಟ್ಟರೆ ಹೀರಿದ್ದು ವಾಪಸ್. ಪಳೆಯುಳಿಕೆ ಇಂಧನದಿಂದ ಬಂದ ಇಂಗಾಲದ ಒಂದು ಪಾಲು ಸಾವಿರಾರು ವರ್ಷ ಗಾಳಿಯಲ್ಲಿ ಉಳಿಯುತ್ತದೆ, ಮರದ ಆಯಸ್ಸು ಅಷ್ಟಿಲ್ಲ. ತಮ್ಮ ಹೊಗೆಗೆ ಬದಲಾಗಿ ಬೇರೆಡೆ ಕಾಡು ಉಳಿಸಲು, ಗಿಡ ನೆಡಲು ಹಣ ಕೊಟ್ಟು ‘ಆಫ್‌ಸೆಟ್’ ಕೊಳ್ಳುವವರು ಮೂರು ಪ್ರಶ್ನೆ ಕೇಳಲಿ: ನನ್ನ ಹಣ ಇಲ್ಲದಿದ್ದರೂ ಈ ಕೆಲಸ ಆಗುತ್ತಿತ್ತೇ? ಇಲ್ಲಿ ಉಳಿಸಿದ ಕಾಡಿನ ಬದಲು ಪಕ್ಕದ ಕಾಡಿಗೆ ಕೊಡಲಿ ಬೀಳುವುದಿಲ್ಲವೇ? ನೂರು ವರ್ಷದ ನಂತರ ಯಾರು ಕಾಯುತ್ತಾರೆ? ಗಿಡ ನೆಡುವುದಾದರೆ ನೆರಳಿಗೆ, ಮಣ್ಣಿಗೆ, ಹಕ್ಕಿಗೆ ನೆಡಿ. ಸಹಜ ಹುಲ್ಲುಗಾವಲಿನಲ್ಲಿ ನೆಡಬೇಡಿ, ಅಲ್ಲಿನ ಇಂಗಾಲ ಆಗಲೇ ಮಣ್ಣಿನೊಳಗೆ ಭದ್ರವಾಗಿದೆ.

## ಹೊಸಿಲು ದಾಟಿದ ಮೇಲೆ

ನಾನೊಬ್ಬ ಮಾಡಿದ್ರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಲ್ವಾ?

ನಿಮ್ಮ ಟನ್ನುಗಳನ್ನಷ್ಟೇ ಎಣಿಸಿದರೆ ಹೌದು ಅನಿಸುತ್ತದೆ. ಆದರೆ ನೀವು ಗ್ರಾಹಕರಷ್ಟೇ ಅಲ್ಲ. ಕಚೇರಿಯಲ್ಲಿ ಖರೀದಿಗೆ ಸಹಿ ಹಾಕುತ್ತೀರಿ, ಶಾಲೆಯ ಪೋಷಕರ ಸಭೆಯಲ್ಲಿ ಕೂರುತ್ತೀರಿ, ಮತ ಹಾಕುತ್ತೀರಿ, ಉಳಿತಾಯದ ಹಣ ಎಲ್ಲೋ ಹೂಡಿದ್ದೀರಿ. ನೂರು ಜನರ ಕ್ಯಾಂಟೀನಿನ ಅಡುಗೆ ತೀರ್ಮಾನಿಸುವವರ ಒಂದು ಮಾತಿಗೆ ನೂರು ಮನೆಗಳ ತೂಕ.

ಇನ್ನೊಂದು ವಿಷಯ ನಿಜಕ್ಕೂ ಮನಸ್ಸಿಗೆ ಬಲ ಕೊಡುವಂಥದ್ದು. 125 ದೇಶಗಳ ಸುಮಾರು 1,30,000 ಜನರನ್ನು ಕೇಳಿದ, 2024ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 69 ಶೇಕಡಾ ಮಂದಿ ತಮ್ಮ ಆದಾಯದ ಒಂದು ಶೇಕಡಾವನ್ನು ಹವಾಮಾನಕ್ಕಾಗಿ ಕೊಡಲು ಸಿದ್ಧ ಎಂದರು. ‘ನಿಮ್ಮ ದೇಶದಲ್ಲಿ ಎಷ್ಟು ಜನ ಹೀಗೆ ಹೇಳಿಯಾರು?’ ಎಂದು ಕೇಳಿದರೆ ಅವರ ಅಂದಾಜು 43. ಪಕ್ಕದವರಿಗೆ ಈ ಚಿಂತೆ ಇಲ್ಲ ಎಂದು ಎಲ್ಲರೂ ಅಂದುಕೊಂಡು ಎಲ್ಲರೂ ಸುಮ್ಮನಿದ್ದಾರೆ. ಬಾಯಿ ಬಿಟ್ಟು ಹೇಳುವುದೇ ಒಂದು ಕೆಲಸ.

ನಮ್ಮ ಅಪಾರ್ಟ್‌ಮೆಂಟಲ್ಲಿ ಏನಾದ್ರೂ ಮಾಡಬೇಕು. ಎಲ್ಲಿಂದ ಶುರು?

ಭಾಷಣದಿಂದ ಬೇಡ, ಮೀಟರಿನಿಂದ. ಸಾಮಾನ್ಯ ಬಳಕೆಯ ಮೀಟರಿನ ಅಂಕಿಯನ್ನು ರಾತ್ರಿ 11ಕ್ಕೆ ಒಮ್ಮೆ, ಬೆಳಿಗ್ಗೆ 5ಕ್ಕೆ ಒಮ್ಮೆ ಬರೆದುಕೊಳ್ಳಿ. ವ್ಯತ್ಯಾಸ 18 ಯೂನಿಟ್ ಇದ್ದರೆ, ಎಲ್ಲರೂ ಮಲಗಿರುವಾಗಲೂ 3 ಕಿಲೋವಾಟ್ ಹರಿಯುತ್ತಿದೆ ಎಂದಾಯಿತು. ವರ್ಷವಿಡೀ ಹೀಗೇ ಇದ್ದರೆ 26,000 ಯೂನಿಟ್ ದಾಟುತ್ತದೆ. ಮರುದಿನ ರಾತ್ರಿ ಎಲೆಕ್ಟ್ರಿಷಿಯನ್ ಜೊತೆ ನಿಂತು ಒಂದೊಂದೇ ಎಂಸಿಬಿ (ಒಂದೊಂದು ವಿದ್ಯುತ್ ಮಾರ್ಗವನ್ನು ಬೇರೆಯಾಗಿ ಕಡಿಯುವ ಸ್ವಿಚ್) ಆರಿಸಿ ಮೀಟರ್ ನೋಡಿ. ಲಿಫ್ಟಿನ ಎಂಸಿಬಿ ಮುಟ್ಟುವ ಮೊದಲು ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕಳ್ಳ ಸಿಗುವುದು ಹೆಚ್ಚಾಗಿ ಮೂರು ಕಡೆ: ನೆಲಮಾಳಿಗೆಯ ದೀಪ, ಖಾಲಿ ನಿಂತ ಲಿಫ್ಟಿನ ದೀಪ-ಫ್ಯಾನು, ನೀರಿನ ಪಂಪು. ಪಂಪಿನ ವಾಲ್ವು ಸೋರುತ್ತಿದ್ದರೆ ಮೇಲಕ್ಕೇರಿದ ನೀರು ವಾಪಸ್ ಇಳಿದು, ಅದೇ ನೀರನ್ನು ಪಂಪು ಎರಡೆರಡು ಸಲ ಎತ್ತುತ್ತಿರುತ್ತದೆ.

ಸೆನ್ಸರ್ ದೀಪ ಹಾಕಿದ ಎಷ್ಟೋ ಕಡೆ ಮೂರೇ ತಿಂಗಳಲ್ಲಿ ಕಿತ್ತು ಹಾಕಿದ್ದಾರೆ. 15 ಸೆಕೆಂಡಿಗೆ ದೀಪ ಆರಿ, ವಯಸ್ಸಾದವರು ಮೆಟ್ಟಿಲ ನಡುವೆ ಕತ್ತಲಲ್ಲಿ ನಿಂತರೆ ಸಿಟ್ಟು ಬರದಿರುತ್ತದೆಯೇ? ಎರಡು ಮೂರು ನಿಮಿಷಕ್ಕೆ ಹೊಂದಿಸಿ, ಮೆಟ್ಟಿಲಿನ ತಿರುವಿನಲ್ಲೊಂದು ಸಣ್ಣ ದೀಪ ಸದಾ ಉರಿಯಲಿ. ಒಂದು ತಿಂಗಳ ಹಿಂದಿನ, ಮುಂದಿನ ಬಿಲ್ಲುಗಳನ್ನು ಅಕ್ಕಪಕ್ಕ ಇಟ್ಟು ಲಿಫ್ಟಿನ ಪಕ್ಕ ಅಂಟಿಸಿ. ಮುಂದಿನ ಸಭೆಯಲ್ಲಿ ಸೋಲಾರ್ ಮಾತೆತ್ತಿದಾಗ ಕೇಳುವ ಕಿವಿಗಳು ಸಿಕ್ಕಿರುತ್ತವೆ.

ಕಾರ್ಬನ್ ತೆರಿಗೆ ಹಾಕಿದ್ರೆ ಬಡವರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ?

ಹೊರಸೂಸುವ ಪ್ರತಿ ಟನ್ನಿಗೆ ಇಷ್ಟೆಂದು ಹಾಕುವ ತೆರಿಗೆ ಇದು. ಹಣ ಖಜಾನೆಗೆ ಹೋಗಿ ಮಾಯವಾದರೆ ಹೌದು. ಫಿನ್ಲೆಂಡ್ 1990ರಲ್ಲಿ, ಸ್ವೀಡನ್ 1991ರಲ್ಲಿ ಈ ತೆರಿಗೆ ತಂದವು. ಸ್ವೀಡನ್ನಿನಲ್ಲಿ ಆಗಲೇ ಬೇರೆ ತೆರಿಗೆಗಳನ್ನು ಇಳಿಸಿದ್ದರು. ಫ್ರಾನ್ಸಿನಲ್ಲಿ 2018ರಲ್ಲಿ ಇಂಧನ ತೆರಿಗೆ ಏರಿಸಹೊರಟಾಗ, ಕಾರಿಲ್ಲದೆ ಬದುಕಲಾಗದ ಹಳ್ಳಿ-ಹೊರವಲಯದ ಜನ ಹಳದಿ ಅಂಗಿ ತೊಟ್ಟು ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು.

ಸಂಗ್ರಹಿಸಿದ್ದನ್ನು ತಲೆಗಿಷ್ಟೆಂದು ಸಮನಾಗಿ ಹಂಚಿದರೆ ಲೆಕ್ಕ ತಿರುಗುತ್ತದೆ. ಹತ್ತು ಜನರಲ್ಲಿ ಒಬ್ಬರು 10 ಟನ್, ಉಳಿದ ಒಂಬತ್ತು ಜನ ಒಂದೊಂದು ಟನ್ ಹೊರಸೂಸುತ್ತಾರೆ ಎನ್ನಿ. ಟನ್ನಿಗೆ 100ರಂತೆ ಒಟ್ಟು 1,900 ಸಂಗ್ರಹ, ತಲೆಗೆ 190 ವಾಪಸ್. ಒಂಬತ್ತು ಜನ 100 ಕೊಟ್ಟು 190 ಪಡೆಯುತ್ತಾರೆ, ಒಬ್ಬರು 1,000 ಕೊಟ್ಟು 190 ಪಡೆಯುತ್ತಾರೆ. ಕೆಡುವುದು ಎಲ್ಲೆಂದರೆ, ತೆರಿಗೆ ಬಂಕಿನಲ್ಲಿ ದಿನವೂ ಕಾಣುತ್ತದೆ, ವಾಪಸ್ ಬಂದ ಹಣ ಯಾವುದೋ ತೆರಿಗೆ ಪತ್ರದ ಸಾಲಿನಲ್ಲಿ ಅಡಗಿರುತ್ತದೆ. ತೆರಿಗೆ ಶುರುವಾಗುವ ಮೊದಲೇ ಹಣ ಕೈಗೆ ಸೇರಬೇಕು.

ಈಗ ತಡವಾಗಿಬಿಟ್ಟಿದೆ ಅಲ್ವಾ? ಇನ್ನು ಮಾಡಿ ಏನು ಪ್ರಯೋಜನ?

ಬಿಸಿಯೇರಿಕೆ ಒಂದು ಗೆರೆ ದಾಟಿದರೆ ಎಲ್ಲ ಮುಗಿಯಿತು ಎನ್ನುವಂಥದ್ದಲ್ಲ. ಪ್ರತಿ 1,000 ಶತಕೋಟಿ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸುಮಾರು 0.45 ಡಿಗ್ರಿ ಏರುತ್ತದೆ, ಮೊದಲ ಟನ್ನಿಗೂ ಕೊನೆಯ ಟನ್ನಿಗೂ ಹೆಚ್ಚುಕಡಿಮೆ ಅದೇ ಪಾಲು. ಕೈಗಾರಿಕಾ ಕ್ರಾಂತಿಗೂ ಮೊದಲಿನ ತಾಪಮಾನಕ್ಕಿಂತ ಏರಿಕೆ 1.5 ಡಿಗ್ರಿ ದಾಟಿದರೆ 1.6ಕ್ಕೆ ನಿಲ್ಲಿಸುವುದು, 1.6 ದಾಟಿದರೆ 1.7ಕ್ಕೆ. ಇಂಗಾಲದ ಡೈಆಕ್ಸೈಡಿನ ನಿವ್ವಳ ಹೊರಸೂಸುವಿಕೆ ಸೊನ್ನೆಗೆ ಬಂದರೆ, ಅದರಿಂದಾಗುವ ಬಿಸಿಯೇರಿಕೆ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ ಎಂಬುದು ವಿಜ್ಞಾನದ ಈಗಿನ ತಿಳಿವಳಿಕೆ. ಕಡಲ ಮಟ್ಟ ಮಾತ್ರ ನೂರಾರು ವರ್ಷ ಏರುತ್ತಲೇ ಇರುತ್ತದೆ, ಆ ನಷ್ಟವನ್ನು ಮುಚ್ಚಿಡುವುದು ಸರಿಯಲ್ಲ. ಇನ್ನೊಂದು ಕಡೆ, 2010ರಿಂದ 2019ರೊಳಗೆ ಸೋಲಾರ್ ವಿದ್ಯುತ್ತಿನ ವೆಚ್ಚ 85 ಶೇಕಡಾ ಇಳಿಯಿತು, ಲಿಥಿಯಂ ಬ್ಯಾಟರಿಯದೂ ಅಷ್ಟೇ.

ಇದನ್ನೆಲ್ಲ ಓದಿ ಓದಿ ರಾತ್ರಿ ನಿದ್ದೆ ಬರಲ್ಲ.

ನೀವೊಬ್ಬರೇ ಅಲ್ಲ. 2021ರಲ್ಲಿ ಹತ್ತು ದೇಶಗಳ 16ರಿಂದ 25 ವಯಸ್ಸಿನ 10,000 ಮಂದಿಯನ್ನು ಕೇಳಿದಾಗ 59 ಶೇಕಡಾ ಮಂದಿ ತೀವ್ರ ಅಥವಾ ಅತಿ ತೀವ್ರ ಚಿಂತೆಯಲ್ಲಿದ್ದರು. ಚಿಂತೆ ಕಾಯಿಲೆಯಲ್ಲ, ನಿಜವಾದ ಅಪಾಯಕ್ಕೆ ಮನಸ್ಸು ಸ್ಪಂದಿಸುವ ರೀತಿ ಅದು. ಮಲಗುವ ಮುನ್ನ ಸುದ್ದಿ ನೋಡಬೇಡಿ, ಇತರರ ಜೊತೆ ಸೇರಿ ಮಾಡುವ ಕೆಲಸ ವಾರಕ್ಕೊಂದಾದರೂ ಇರಲಿ. ಎರಡು ವಾರಕ್ಕೂ ಮಿಕ್ಕಿ ಊಟ, ನಿದ್ದೆ, ಕೆಲಸ ಕೆಟ್ಟರೆ ವೈದ್ಯರನ್ನು ಕಾಣಿ, ತಡ ಮಾಡಬೇಡಿ.

ಸರ್ಕಾರಕ್ಕೆ ಪತ್ರ ಬರೆದ್ರೆ ಯಾರಾದ್ರೂ ಓದ್ತಾರಾ?

‘ಹವಾಮಾನ ಉಳಿಸಿ’ ಎಂಬ ಪತ್ರಕ್ಕೆ ಉತ್ತರ ಬರೆಯುವ ಮೇಜು ಯಾವ ಕಚೇರಿಯಲ್ಲೂ ಇಲ್ಲ. ಓದಲೇಬೇಕಾದ ಪತ್ರಗಳು ಬೇರೆ ಇವೆ: ನಗರ ಯೋಜನೆಯ ಕರಡು, ವಿದ್ಯುತ್ ದರ ಪರಿಷ್ಕರಣೆ, ದೊಡ್ಡ ಯೋಜನೆಗಳ ಪರಿಸರ ಪರಿಣಾಮ ವರದಿ ಇವುಗಳ ಮೇಲೆ ಬರೆದವು. ಬಹಳ ದೇಶಗಳಲ್ಲಿ ಇವಕ್ಕೆ ಸಾರ್ವಜನಿಕ ಆಕ್ಷೇಪಣೆಯ ಗಡುವು ಇರುತ್ತದೆ. ಮುಂದಿನ ಮೂವತ್ತು ನಲವತ್ತು ವರ್ಷದ ಹೊಗೆ ತೀರ್ಮಾನವಾಗುವುದು ಅಲ್ಲೇ, ಅಲ್ಲೇ ಕುರ್ಚಿಗಳು ಖಾಲಿ ಇರುತ್ತವೆ. ಕರಡಿನ ಪುಟ, ಕಂಡಿಕೆಯ ಸಂಖ್ಯೆ ಹಾಕಿ ಬರೆಯಿರಿ. ಒಂದು ಪತ್ರದಲ್ಲಿ ಒಂದೇ ಬೇಡಿಕೆ ಇರಲಿ: ಇಂಥ ರಸ್ತೆಯಲ್ಲಿ ಬಸ್ಸಿಗೆ ಪ್ರತ್ಯೇಕ ಪಥ, ಇಂಥ ಕಂಡಿಕೆಯಲ್ಲಿ ‘ಪರಿಶೀಲಿಸಬಹುದು’ ಬದಲು ‘ಕಡ್ಡಾಯ’. ಬದಲಾಗಬೇಕಾದ ವಾಕ್ಯವನ್ನು ನೀವೇ ಬರೆದುಕೊಡಿ. ಗಡುವಿನ ಕೊನೆಯ ದಿನಕ್ಕೆ ಕಾಯಬೇಡಿ. ನಾಲ್ಕು ಜನ ಬೇರೆ ಬೇರೆ ಮಾತಿನಲ್ಲಿ ಬರೆದ ನಾಲ್ಕು ಪತ್ರಗಳಿಗೆ, ಒಂದೇ ಒಕ್ಕಣೆಗೆ ನೂರು ಸಹಿ ಹಾಕಿದ್ದಕ್ಕಿಂತ ಹೆಚ್ಚು ಉತ್ತರ ಕೊಡಬೇಕಾಗುತ್ತದೆ. ಸ್ವೀಕೃತಿ ಮುದ್ರೆ ಹಾಕಿಸಿದ ಪ್ರತಿಯೊಂದನ್ನು ಇಟ್ಟುಕೊಳ್ಳಿ. ಅಂತಿಮ ಯೋಜನೆ ಹೊರಬಂದಾಗ ನಿಮ್ಮ ಆಕ್ಷೇಪಣೆಗೆ ಏನು ಕಾರಣ ಕೊಟ್ಟು ತಳ್ಳಿಹಾಕಿದರು ಎಂದು ಕೇಳಲು ಅದೇ ದಾಖಲೆ.